ಅಲೋಶಿಯಸ್ ಚಾಪೆಲ್ಲೋ, ಹಸ್ತಶಿಲ್ಪವೋ?

ಇರೋದು ಅರ್ಧ ದಿನ, ಚಿತ್ರಕಲೆಯೇ ಮುಖ್ಯ ಅಂದರೆ ಮಂಗಳೂರಿನ ಬಾವುಟಗುಡ್ಡೆಗೆ ಹೋಗಿ. ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಗೋಡೆಯಿಂದ ಚಾವಣಿವರೆಗೂ ಚಿತ್ರವೇ. ಬರೆದವರು ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊದ ಕರ್ರಾರಾ ಕಲಾ ಅಕಾಡೆಮಿಯಲ್ಲಿ ಕಲಿತವರು. ಕೆಲಸ ಮುಗಿದದ್ದು 1901ರಲ್ಲಿ. ಗೋಡೆಯದು ಹಸಿ ಗಾರೆಯ ಮೇಲಿನ ಬಣ್ಣ. ಗಾರೆ ಒಣಗುವ ಮೊದಲೇ ಕುಂಚ ಓಡಬೇಕು, ತಪ್ಪಿದರೆ ತಿದ್ದೋದು ಕಷ್ಟ. ಚಾವಣಿಯದು ಕ್ಯಾನ್ವಾಸ್ ಮೇಲಿನ ತೈಲವರ್ಣ. ಎರಡನ್ನೂ ನಿಧಾನವಾಗಿ ಹೋಲಿಸಿ ನೋಡಿ, ಎಷ್ಟು ಚೆಂದ! ಪ್ರಾರ್ಥನೆಯ ಜಾಗ, ಸದ್ದು ಬೇಡ.

ಮಣಿಪಾಲದ ಹಸ್ತಶಿಲ್ಪ ಬೇರೆಯೇ ಥರ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ, ವಸ್ತುಸಂಗ್ರಹಾಲಯದಂಥ ಊರು ಅದು. ಕುಕನೂರಿನ ಕಮಲ ಮಹಲ್ ಇದೆ, ರವಿವರ್ಮನ ಮುದ್ರಿತ ಚಿತ್ರಗಳೂ ಇವೆ. ನಡೆಯೋದು ಜಾಸ್ತಿ. ಮಕ್ಕಳ ಜೊತೆ ಹೋಗೋರಿಗೆ ನಾನು ಹಸ್ತಶಿಲ್ಪವನ್ನೇ ಹೇಳುತ್ತೇನೆ.