ಹೊಸಬರಿಗೆ ತಂಡ ಎಲ್ಲಿ ಸಿಗುತ್ತದೆ: ವ್ಯಾಲರಂಟ್ ಮತ್ತು ಡಿಸ್ಕಾರ್ಡ್ ಬಳಕೆಯ ವಿಮರ್ಶೆ

ವ್ಯಾಲರಂಟ್ ಆಡಲು ಶುರುಮಾಡಿದವರಿಗೆ ಬಹುಬೇಗ ತಿಳಿಯುವ ಸಂಗತಿಯೊಂದಿದೆ. ಗುರಿಯಿಟ್ಟು ಹೊಡೆಯುವುದನ್ನು ಒಬ್ಬರೇ ಕೂತು ಅಭ್ಯಾಸ ಮಾಡಬಹುದು, ಆದರೆ ಸಹನೆಯುಳ್ಳ ನಾಲ್ವರು ಜೊತೆಗಾರರನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ರಯಟ್ ಗೇಮ್ಸ್ 2020ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಈ ಉಚಿತ ಶೂಟಿಂಗ್ ಆಟದಲ್ಲಿ ಐವರ ತಂಡವೊಂದು ಇನ್ನೊಂದು ಐವರ ತಂಡವನ್ನು ಎದುರಿಸುತ್ತದೆ, ಮತ್ತು ಒಬ್ಬರ ಮೌನ ಅಥವಾ ಸಿಟ್ಟು ಉಳಿದ ನಾಲ್ವರ ಆಟವನ್ನೂ ಕೆಡಿಸುತ್ತದೆ. ತಂಡ ಕಟ್ಟಿಕೊಳ್ಳಲು ಹೊಸಬರಿಗೆ ಇರುವ ಮುಖ್ಯ ಸಾಧನಗಳು ಎರಡು: ಜೊತೆಗಾರರನ್ನು ಒಂದೇ ತಂಡಕ್ಕೆ ಸೇರಿಸಿಕೊಳ್ಳುವ, ಆಟದೊಳಗಿನ ಪಾರ್ಟಿ ವ್ಯವಸ್ಥೆ ಮತ್ತು ಗುಂಪಾಗಿ ಮಾತಾಡಲು, ಸಂದೇಶ ಕಳಿಸಲು ಬಳಸುವ ಡಿಸ್ಕಾರ್ಡ್ ಎಂಬ ಆ್ಯಪ್. ಎರಡನ್ನೂ ಬಳಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಸಿಕ್ಕ ತಂಡವನ್ನು ಉಳಿಸಿಕೊಳ್ಳಲು ಡಿಸ್ಕಾರ್ಡ್ ಅತ್ಯುತ್ತಮ ಸೇವೆ, ಆದರೆ ತಂಡವನ್ನು ಹುಡುಕುವ ಕೆಲಸಕ್ಕೆ ಅದು ಸಾಧಾರಣ.

ಮೊದಲು ಯಂತ್ರದ ಮಾತು. ಈ ಆಟಕ್ಕೆ ಮುಂಬೈಯಲ್ಲಿ ಸರ್ವರ್ ಇರುವುದರಿಂದ ಬೆಂಗಳೂರು, ಮೈಸೂರಿನಂಥ ಊರುಗಳ ಫೈಬರ್ ಸಂಪರ್ಕದಲ್ಲಿ ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿ ಬರುವ ಸಮಯ) ಸಾಮಾನ್ಯವಾಗಿ 50 ಮಿಲಿಸೆಕೆಂಡಿನೊಳಗೆ ನಿಲ್ಲುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು ಏರಿಳಿಯುತ್ತಲೇ ಇರುವುದರಿಂದ, ಸಾಧ್ಯವಿದ್ದವರು ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳುವುದು ಒಳ್ಳೆಯದು. ಜೊತೆಗೆ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ತಂತ್ರಾಂಶ ಕಂಪ್ಯೂಟರ್ ಶುರುವಾದಾಗಲೇ ಓಡಲಾರಂಭಿಸುತ್ತದೆ, ಮತ್ತು ವಿಂಡೋಸ್ 11 ಇದ್ದರೆ ಸೆಕ್ಯೂರ್ ಬೂಟ್ ಹಾಗೂ ಟಿಪಿಎಂ 2.0 ಎಂಬ ಕಂಪ್ಯೂಟರಿನ ಸುರಕ್ಷತಾ ಸೌಲಭ್ಯಗಳು ಚಾಲನೆಯಲ್ಲಿರಲೇಬೇಕು. ಇದನ್ನು ಒಪ್ಪದವರು ಈ ಆಟಕ್ಕೆ ಇಳಿಯದಿರುವುದೇ ಸರಿ.

ತಂಡದ ಹುಡುಕಾಟಕ್ಕೆ ಬಂದರೆ, ಹೆಚ್ಚಿನವರು ಮೊದಲು ಮಾಡುವ ಕೆಲಸ ಡಿಸ್ಕಾರ್ಡ್‌ನ ಯಾವುದಾದರೂ ದೊಡ್ಡ ಸರ್ವರ್‌ಗೆ (ಅಲ್ಲಿ ಗುಂಪುಗಳಿಗೆ ಇರುವ ಹೆಸರು) ಸೇರಿ, ಜೊತೆಗಾರರನ್ನು ಹುಡುಕಲೆಂದೇ ಇರುವ ಎಲ್‌ಎಫ್‌ಜಿ ಚಾನೆಲ್‌ನಲ್ಲಿ ತಮ್ಮ ರ‍್ಯಾಂಕ್ ಬರೆದು ಕಾಯುವುದು. ನಾನು ಸೇರಿದ್ದ ಅಂಥದೊಂದು ಸರ್ವರ್‌ನಲ್ಲಿ ಸಂದೇಶಗಳು ಎಷ್ಟು ವೇಗವಾಗಿ ಸರಿಯುತ್ತಿದ್ದವೆಂದರೆ, ಹೊಸಬರ ಕೋರಿಕೆಯನ್ನು ಯಾರಾದರೂ ಓದುವಷ್ಟರಲ್ಲಿ ಅದು ಪರದೆಯಿಂದ ಮೇಲೆ ಹೋಗಿಬಿಡುತ್ತಿತ್ತು. ಕರೆದವರಲ್ಲೂ ಹಲವರಿಗೆ ಬೇಕಿದ್ದದ್ದು ಆ ಹೊತ್ತಿಗೆ ಖಾಲಿ ಇದ್ದ ಒಂದು ಜಾಗ ತುಂಬುವವರು ಮಾತ್ರ. ಒಂದು ಪಂದ್ಯ ಸೋತ ಕೂಡಲೇ ಮಾತಿಲ್ಲದೆ ಹೊರಟುಹೋಗುತ್ತಿದ್ದರು. ಇದರಲ್ಲಿ ಆ ಸೇವೆಯ ತಾಂತ್ರಿಕ ದೋಷವೇನೂ ಇಲ್ಲ, ಆದರೆ ಅಪರಿಚಿತರ ದೊಡ್ಡ ಗುಂಪಿನಲ್ಲಿ ಹೊಸಬರ ಕೈ ಹಿಡಿಯುವ ವ್ಯವಸ್ಥೆಯನ್ನು ಅದು ತಾನಾಗಿ ಒದಗಿಸುವುದಿಲ್ಲ.

ನನ್ನ ಅನುಭವದಲ್ಲಿ ನಿಜವಾದ ಜೊತೆಗಾರರು ಸಿಗುವ ಜಾಗ ಆಟದೊಳಗಿನ ಸ್ವಿಫ್ಟ್‌ಪ್ಲೇ ಎಂಬ ಚಿಕ್ಕ ಪಂದ್ಯಗಳ ವಿಭಾಗ. ಅಲ್ಲಿ ಐದು ಸುತ್ತು ಮೊದಲು ಗೆದ್ದವರದೇ ಪಂದ್ಯವಾದ್ದರಿಂದ ಕಾಲು ಗಂಟೆಯ ಆಸುಪಾಸಿನಲ್ಲಿ ಆಟ ಮುಗಿಯುತ್ತದೆ ಮತ್ತು ಸೋಲಿನ ಭಾರ ಯಾರ ಮೇಲೂ ಹೆಚ್ಚು ಬೀಳುವುದಿಲ್ಲ. ಸುತ್ತಿಗೆ ಮುಂಚೆ ಆಯುಧ ಕೊಳ್ಳಲು ಸಿಗುವ ಅರ್ಧ ನಿಮಿಷವೇ ಜನರನ್ನು ಅಳೆಯಲು ಸಾಕು. ವ್ಯಾಂಡಲ್ ಎಂಬ ಬಂದೂಕಿಗೆ 2,900 ಕ್ರೆಡಿಟ್ ಬೇಕು. ನಮ್ಮಲ್ಲಿ ಅಷ್ಟಿಲ್ಲದಿದ್ದರೆ ಕೋರಿಕೆ ಕಳಿಸಬಹುದು, ಹಣ ಉಳಿದಿರುವ ಜೊತೆಗಾರ ಬಯಸಿದರೆ ಕೊಂಡುಕೊಡಬಹುದು. ಹಿಂದಿನ ಸುತ್ತಿನಲ್ಲಿ ಒಂದು ಗುಂಡೂ ತಾಗಿಸದ ಹೊಸಬರಿಗೆ ಕೇಳದೆಯೇ ಬಂದೂಕು ಕೊಂಡುಕೊಟ್ಟು, "ಮಾರ್ಕೆಟ್ ಕಡೆ ನಾನು ನೋಡ್ಕೋತೀನಿ, ನೀವು ಬಿ ಸೈಟ್‌ನಲ್ಲೇ ಇರಿ" ಎಂದು ನಕ್ಷೆಯ ಜಾಗಗಳನ್ನು ಹಂಚಿಕೊಂಡು ಹೇಳುವವರು ಸಿಕ್ಕರೆ, ಪಂದ್ಯ ಮುಗಿದ ತಕ್ಷಣ ಅವರಿಗೆ ಸ್ನೇಹದ ಕೋರಿಕೆ ಕಳಿಸಲೇಬೇಕು. ಸ್ಪೈಕ್ ಎಂಬ ಬಾಂಬ್ ಇಟ್ಟ ಮೇಲೆ ಅದು ಸಿಡಿಯಲು 45 ಸೆಕೆಂಡು, ಅದನ್ನು ನಿಷ್ಕ್ರಿಯಗೊಳಿಸಲು 7 ಸೆಕೆಂಡು ಎಂಬ ಲೆಕ್ಕ ತಿಳಿಯದೆ ಹೊಸಬರು ಗಾಬರಿಯಾಗುವಾಗ, ಬೈಯದೆ ಎಣಿಸಿ ಹೇಳುವ ಆಟಗಾರರ ಬೆಲೆ ಅವರ ರ‍್ಯಾಂಕಿಗಿಂತ ದೊಡ್ಡದು.

ಹೀಗೆ ಇಬ್ಬರು ಮೂವರು ಸಿಕ್ಕ ನಂತರ ಡಿಸ್ಕಾರ್ಡ್‌ನ ನಿಜವಾದ ಉಪಯೋಗ ಶುರುವಾಗುತ್ತದೆ. ಖಾಸಗಿಯಾಗಿ ಒಂದು ಸಣ್ಣ ಸರ್ವರ್ ಮಾಡಿಕೊಳ್ಳಲು ಹಣ ಕೊಡಬೇಕಿಲ್ಲ, ಮತ್ತು ಧ್ವನಿ ಚಾನೆಲ್‌ಗೆ ಐವರ ಮಿತಿ ಹಾಕಿದರೆ ಪಂದ್ಯದ ನಡುವೆ ಬೇರೆ ಸದಸ್ಯರು ನುಗ್ಗುವುದು ತಪ್ಪುತ್ತದೆ. ಒಬ್ಬೊಬ್ಬರ ಧ್ವನಿಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ಫ್ಯಾನಿನ ಸದ್ದು, ರಸ್ತೆಯ ಹಾರ್ನ್ ಇವನ್ನೆಲ್ಲ ಕಡಿಮೆ ಮಾಡುವ ಕ್ರಿಸ್ಪ್ ಎಂಬ ಸೌಲಭ್ಯ ನಮ್ಮ ಮನೆಗಳಲ್ಲಿ ಬಹಳ ಕೆಲಸಕ್ಕೆ ಬರುತ್ತದೆ, ಆದರೂ ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವಂತೆ ಇಟ್ಟುಕೊಳ್ಳುವುದು ಜೊತೆಗಾರರಿಗೆ ಮಾಡುವ ಉಪಕಾರ. ಹೊಸಬರಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಪರದೆ ಹಂಚಿಕೆ: ಅನುಭವಿಗಳು ಹೊಗೆ ಹಾಕಬಲ್ಲ ಬ್ರಿಮ್‌ಸ್ಟೋನ್ ಎಂಬ ಪಾತ್ರವಾಗಿ ಆಡುತ್ತಾ ಯಾವ ಕ್ಷಣದಲ್ಲಿ ನಕ್ಷೆ ತೆರೆದು ಎಲ್ಲೆಲ್ಲಿ ಹೊಗೆ ಹಾಕುತ್ತಾರೆ, ಆ ಹೊಗೆ ನಿಲ್ಲುವ ಸುಮಾರು 19 ಸೆಕೆಂಡಿನಲ್ಲಿ ಉಳಿದವರು ಎಲ್ಲಿಗೆ ಸರಿಯಬೇಕೆಂದು ಹೇಗೆ ಸೂಚಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ ಕಲಿಯಬಹುದು.

ಭಾಷೆಯ ವಿಷಯವನ್ನೂ ಹೇಳಬೇಕು. ಮುಂಬೈ ಸರ್ವರ್‌ನಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಹಿಂದಿ, ಸ್ವಲ್ಪ ಇಂಗ್ಲಿಷ್. ಹಿಂದಿ ಬಾರದ ಕನ್ನಡದ ಹುಡುಗ ಹುಡುಗಿಯರು ಇದೇ ಕಾರಣಕ್ಕೆ ಮೈಕ್ ಮುಚ್ಚಿಕೊಂಡು ಆಡುವುದನ್ನು ಕಂಡು ನನಗೆ ಬೇಸರವಾಗಿದೆ, ಏಕೆಂದರೆ ಈ ಆಟದಲ್ಲಿ ಮಾತಾಡದವರು ಕಲಿಯುವುದು ಅರ್ಧ ಮಾತ್ರ. ಕನ್ನಡ ಮಾತಾಡುವ ನಾಲ್ವರು ಸಿಕ್ಕರೆ "ಎ ಮೇನ್‌ನಲ್ಲಿ ಇಬ್ಬರು, ಒಬ್ಬನಿಗೆ 84 ಹೊಡೆದಿದ್ದೀನಿ" ಎಂದು ಎದುರಾಳಿಗಳಿರುವ ಜಾಗ, ಅವರಿಗಾದ ಪೆಟ್ಟು ತಿಳಿಸುವ ಮಾತು ಯೋಚಿಸದೆ ಬಾಯಿಗೆ ಬರುತ್ತದೆ. ಧ್ವನಿ ಕೇಳಿದ ಕೂಡಲೇ ಹೆಣ್ಣುಮಕ್ಕಳನ್ನು ಕಾಡುವವರೂ ಸಾರ್ವಜನಿಕ ಪಂದ್ಯಗಳಲ್ಲಿದ್ದಾರೆ. ಅಂಥವರನ್ನು ತಕ್ಷಣ ಮ್ಯೂಟ್ ಮಾಡಿ ದೂರು ಸಲ್ಲಿಸಬೇಕು. ಪರಿಚಿತರ ಸಣ್ಣ ಸರ್ವರ್ ಬೇಕೆನ್ನುವುದಕ್ಕೆ ನನ್ನ ಪಾಲಿಗೆ ಇದೇ ಅತಿ ಬಲವಾದ ಕಾರಣ.

ಡಿಸ್ಕಾರ್ಡ್ ಬಳಸುವವರು ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಹಣ ಕೊಟ್ಟು ಪಡೆಯುವ ಚಂದಾ ಸೇವೆಯಾದ ನೈಟ್ರೋವನ್ನು ಉಚಿತವಾಗಿ ಕೊಡುತ್ತೇವೆಂದು ಅಪರಿಚಿತರು ಕಳಿಸುವ ಕೊಂಡಿಗಳು ಬಹುತೇಕ ಖಾತೆ ಕದಿಯುವ ಬಲೆಗಳು. ಎರಡು ಹಂತದ ದೃಢೀಕರಣವನ್ನು ಮೊದಲ ದಿನವೇ ಹಾಕಿಕೊಂಡು, ಸರ್ವರ್ ಸದಸ್ಯರಿಂದ ಬರುವ ನೇರ ಸಂದೇಶಗಳನ್ನು ನಿಲ್ಲಿಸಿಡಬೇಕು. ಹದಿಮೂರು ತುಂಬದವರಿಗೆ ಅಲ್ಲಿ ಖಾತೆ ತೆರೆಯಲು ಅವಕಾಶವಿಲ್ಲ, ಪೋಷಕರು ಇದನ್ನು ಗಮನಿಸಬೇಕು. ನೈಟ್ರೋಗೆ ಹಣ ಕೊಡುವ ಅಗತ್ಯ ಹೊಸಬರಿಗೆ ಇಲ್ಲವೇ ಇಲ್ಲ.

ರ‍್ಯಾಂಕ್ ಪಂದ್ಯಗಳಿಗೆ ಹೋಗಲು ಖಾತೆಯ ಮಟ್ಟ 20 ತಲುಪಬೇಕು ಎಂಬ ನಿಯಮ ಹೊಸಬರ ಹಿತದಲ್ಲೇ ಇದೆ. ಅಷ್ಟರೊಳಗೆ ಜೊತೆಗಾರರ ಸ್ವಭಾವ ಗೊತ್ತಾಗಿರುತ್ತದೆ. ಅಲ್ಲಿ ನಾಲ್ವರು ಸೇರಿ ಆಡುವಂತಿಲ್ಲ, ಏಕೆಂದರೆ ಐದನೆಯವರಾಗಿ ಬರುವ ಒಂಟಿ ಆಟಗಾರರು ಮೂಲೆಗುಂಪಾಗುತ್ತಾರೆ. ಹಾಗಾಗಿ ಮೂವರಿದ್ದ ಗುಂಪು ಬೆಳೆಯುವುದಾದರೆ ನೇರವಾಗಿ ಐವರಾಗಬೇಕು, ಮತ್ತು ನಮ್ಮ ಗುಂಪಿಗೆ ಅತಿ ಕಷ್ಟವಾದದ್ದು ಆ ಕೊನೆಯ ಇಬ್ಬರನ್ನು ಒಟ್ಟಿಗೆ ಹೊಂದಿಸುವುದೇ. ಐವರಾದ ಮೇಲೆ, 2023ರಲ್ಲಿ ಬಂದ ಪ್ರೀಮಿಯರ್ ವಿಭಾಗದಲ್ಲಿ ತಂಡಕ್ಕೊಂದು ಹೆಸರಿಟ್ಟು, ನಿಗದಿಯಾದ ವೇಳೆಗೆ ಪಂದ್ಯಗಳನ್ನು ಆಡಬಹುದು. ಅದಕ್ಕೆ ಮೊಬೈಲ್ ಸಂಖ್ಯೆಯ ದೃಢೀಕರಣ ಬೇಕು. ಪಂದ್ಯದ ಹೊತ್ತು ಮೊದಲೇ ಗೊತ್ತಿರುವುದರಿಂದ ಕಾಲೇಜು, ಕೆಲಸ ಇರುವವರೂ ಬಿಡುವು ಮಾಡಿಕೊಂಡು ಬರುತ್ತಾರೆ, ಮತ್ತು ಆರನೆಯವರನ್ನೂ ಪಟ್ಟಿಯಲ್ಲಿ ಸೇರಿಸಿಟ್ಟುಕೊಂಡರೆ ಒಬ್ಬರಿಗೆ ಪರೀಕ್ಷೆ ಬಂದ ವಾರವೂ ತಂಡ ಆಟಕ್ಕೆ ಇಳಿಯಬಹುದು.