ಭಾರದ ಹಿಗ್ಸ್ ಪ್ರಾಜೆಕ್ಟಿಗೆ ಪಿಥಿಯಾ 8 ಮತ್ತು ಡೆಲ್ಫೀಸ್: ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತವೆ

ಕೊಣಾಜೆಯಲ್ಲೋ ಮಣಿಪಾಲದಲ್ಲೋ ಎಂಎಸ್ಸಿ ಪ್ರಾಜೆಕ್ಟಿಗೆ ಭಾರದ ಹಿಗ್ಸ್ ಕಣಗಳ (ಈಗ ಸಿಕ್ಕಿರುವ ಹಿಗ್ಸಿಗಿಂತ ಭಾರದ, ಇನ್ನೂ ಸಿದ್ಧಾಂತದಲ್ಲಷ್ಟೇ ಇರುವ ಕಣಗಳು) ವಿಘಟನೆ ತೆಗೆದುಕೊಂಡವರಿಗೆ ಅಳೆಯಲು ಯಂತ್ರವೇ ಇಲ್ಲ. 1000 ಜಿಇವಿಯ (ಕಣಗಳ ಶಕ್ತಿ, ದ್ರವ್ಯರಾಶಿ ಅಳೆಯುವ ಮಾನ) ಎಲೆಕ್ಟ್ರಾನ್-ಪಾಸಿಟ್ರಾನ್ ಕೊಲೈಡರ್ ಜಗತ್ತಿನಲ್ಲಿ ಎಲ್ಲೂ ಇಲ್ಲ; ಸರ್ನ್‌ನ ಹಳೆಯ ಕೊಲೈಡರ್ ಲೆಪ್ 2000ರಲ್ಲಿ 209 ಜಿಇವಿಯ ಆಸುಪಾಸಿನಲ್ಲೇ ನಿಂತಿತು. ಉಳಿದದ್ದು ಸಿಮ್ಯುಲೇಷನ್: ಡಿಕ್ಕಿ ಹೊಡೆಸಲು ಪಿಥಿಯಾ 8, ಡಿಟೆಕ್ಟರಿನ ಬದಲಿಗೆ ಡೆಲ್ಫೀಸ್. ಎರಡೂ ಉಚಿತ, ಲಿನಕ್ಸ್ ಇರುವ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಐದರಲ್ಲಿ ಪಿಥಿಯಾಕ್ಕೆ ನಾಲ್ಕು ಅಂಕ, ಡೆಲ್ಫೀಸಿಗೆ ಮೂರು.

ಪಿಥಿಯಾ ಇನ್‌ಸ್ಟಾಲ್ ಮಾಡುವುದು ಸುಲಭ. ಕಿರಣಗಳಿಗೆ 11 ಮತ್ತು -11 (ಎಲೆಕ್ಟ್ರಾನ್, ಪಾಸಿಟ್ರಾನ್‌ಗಳ ಸಂಕೇತ ಸಂಖ್ಯೆ) ಕೊಟ್ಟು, ಶಕ್ತಿ 1000 ಎಂದು ಬರೆದು, 35 (ಎಚ್) ಮತ್ತು 36 (ಎ) ಎಂಬ ಎರಡು ಭಾರದ ಹಿಗ್ಸ್ ಕಣಗಳು ಜೋಡಿಯಾಗಿ ಹುಟ್ಟುವ ಪ್ರಕ್ರಿಯೆಯನ್ನು ಆನ್ ಮಾಡಿದರೆ ಓಡುತ್ತದೆ. ತೊಂದರೆ ಇರುವುದೇ ಇಲ್ಲಿ: ಓಡಿತು ಎಂದ ಮಾತ್ರಕ್ಕೆ ಸರಿ ಎಂದಲ್ಲ. ದ್ರವ್ಯರಾಶಿ ಬದಲಿಸಿದರೆ ಕಪ್ಲಿಂಗುಗಳು (ಬೇರೆ ಕಣಗಳೊಡನೆ ಇರುವ ಬಂಧದ ಬಲ) ತಾವಾಗಿ ಬದಲಾಗುವುದಿಲ್ಲ. ಅವನ್ನು ನೀವೇ ತುಂಬಬೇಕು, ಇಲ್ಲವೇ ಅವುಗಳ ಪಟ್ಟಿ ಇರುವ ಎಸ್‌ಎಲ್‌ಎಚ್‌ಎ ಫೈಲ್ ಕೊಡಬೇಕು. ಕಣದ ಅಗಲವನ್ನೂ (ದ್ರವ್ಯರಾಶಿ ಎಷ್ಟು ಹರಡಿದೆ ಎಂಬುದು) ಪಿಥಿಯಾ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನೀವು ಬರೆದ ಅಗಲವೇ ನಿಲ್ಲಬೇಕಾದರೆ ಬಲವಂತದ ಸ್ವಿಚ್ ಹಾಕಬೇಕು.

ಬಂದ ಉತ್ತರ ಪರೀಕ್ಷಿಸಲು ಕಾಗದ ಸಾಕು. ಎಚ್, ಎ ಎರಡರ ದ್ರವ್ಯರಾಶಿಯೂ ಒಂದೇ, ಝಡ್ ಕಣದ ಜೊತೆಗಿನ ಕಪ್ಲಿಂಗ್ ಪೂರ್ತಿ ಎಂದಿಟ್ಟುಕೊಂಡರೆ, 1000 ಜಿಇವಿಯಲ್ಲಿ ಜೋಡಿ ಹುಟ್ಟುವ ಪ್ರಮಾಣ ಸುಮಾರು 12.4 ಫೆಮ್ಟೊಬಾರ್ನನ್ನು (ಪ್ರಕ್ರಿಯೆಯ ಸಾಧ್ಯತೆ ಅಳೆಯುವ ಮಾನ) ವೇಗದ ಘನದಿಂದ ಗುಣಿಸಿದಷ್ಟು. ವೇಗವೆಂದರೆ ಬೆಳಕಿನ ವೇಗಕ್ಕೆ ಹೋಲಿಸಿದ್ದು. ದ್ರವ್ಯರಾಶಿ 400 ಜಿಇವಿಗೆ ವೇಗ 0.6, ಉತ್ತರ 2.7. 450ಕ್ಕೆ 1.0. 480ಕ್ಕೆ ಬರೀ 0.27. ಈ 80 ಜಿಇವಿಯಲ್ಲಿ ಹತ್ತು ಪಟ್ಟು ಕುಸಿತ! ಪಿಥಿಯಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಎಲೆಕ್ಟ್ರಾನ್ ಡಿಕ್ಕಿಗೆ ಮೊದಲೇ ಫೋಟಾನ್ ಚೆಲ್ಲಿ ಶಕ್ತಿ ಕಳೆದುಕೊಳ್ಳುವುದನ್ನು ಅದು ಸೇರಿಸಿಕೊಂಡಿರುತ್ತದೆ.

ವಿಘಟನೆಯ ಪಾಲು ತೆಗೆಯುವಾಗ ಬಹಳ ಮಂದಿ ಜಾರುವ ಜಾಗ ಒಂದುಂಟು. ಟ್ಯಾನ್ ಬೀಟಾ (ಎರಡು ಹಿಗ್ಸ್ ಕ್ಷೇತ್ರಗಳ ನಿರ್ವಾತ ಮೌಲ್ಯಗಳ ಅನುಪಾತ) ದೊಡ್ಡದಿದ್ದರೆ ಬಿ ಕ್ವಾರ್ಕ್ ಜೋಡಿ ಮತ್ತು ಟೌ ಜೋಡಿ, ಇವೆರಡೇ ಮುಖ್ಯ. ಕಾಗದದಲ್ಲಿ ಬಿ ದ್ರವ್ಯರಾಶಿ 4.8 ಹಾಕಿದರೆ ಅನುಪಾತ 22ಕ್ಕೆ 1 ಬರುತ್ತದೆ. ಪಿಥಿಯಾ ಅಷ್ಟು ಕೊಡುವುದಿಲ್ಲ. ತಪ್ಪು ಪಿಥಿಯಾದ್ದಲ್ಲ. 400 ಜಿಇವಿಯ ಮಟ್ಟದಲ್ಲಿ ಬಿ ದ್ರವ್ಯರಾಶಿ 2.7ರ ಸುತ್ತ ಇಳಿದಿರುತ್ತದೆ. ಅದನ್ನು ಹಾಕಿ, ಕ್ಯೂಸಿಡಿ (ಕ್ವಾರ್ಕುಗಳ ನಡುವಿನ ಬಲದ ಸಿದ್ಧಾಂತ) ತಿದ್ದುಪಡಿ ಸೇರಿಸಿದರೆ 8-9ಕ್ಕೆ 1 ಆಗುತ್ತದೆ.

ಇನ್ನು ಡೆಲ್ಫೀಸ್. ಇದಕ್ಕೆ ಮೊದಲು ರೂಟ್ (ಸರ್ನ್‌ನ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ) ಬೇಕು, ಆವೃತ್ತಿಗಳು ಹೊಂದದಿದ್ದರೆ ಒಂದು ದಿನ ಹೋಯಿತು ಎಂದೇ ಲೆಕ್ಕ. ಎಲ್‌ಎಚ್‌ಸಿ ಕಾರ್ಡನ್ನೇ (ಡಿಟೆಕ್ಟರಿನ ವಿವರ ಇರುವ ಫೈಲ್) ಬಳಸಬೇಡಿ, ಐಎಲ್‌ಸಿ (ಯೋಜನೆಯಲ್ಲಷ್ಟೇ ಇರುವ ಎಲೆಕ್ಟ್ರಾನ್-ಪಾಸಿಟ್ರಾನ್ ಕೊಲೈಡರ್) ಕಾರ್ಡ್ ಜೊತೆಗೇ ಬರುತ್ತದೆ. ಎಚ್, ಎ ಎರಡೂ ಬಿ ಜೋಡಿಯಾಗಿ ಒಡೆದಾಗ ಬರುವ ನಾಲ್ಕು ಬಿ ಜೆಟ್‌ಗಳಿಗೆ (ಜೆಟ್: ಕ್ವಾರ್ಕಿನಿಂದ ಚಿಮ್ಮುವ ಕಣಗಳ ಗುಂಪು) ಹತ್ತಿರದ ಕಣಗಳನ್ನು ಕೂಡಿಸುತ್ತಾ ಹೋಗುವ ಡರ್ಹ್ಯಾಮ್ ಕ್ರಮದಲ್ಲಿ ಸರಿಯಾಗಿ ನಾಲ್ಕು ಜೆಟ್ ಮಾಡಿಸಿ. ಒಂದೊಂದು ಜೆಟ್ ಗುರುತಿಸುವ ದಕ್ಷತೆ 70 ಶೇಕಡಾ ಇದ್ದರೆ ನಾಲ್ಕನ್ನೂ ಗುರುತಿಸುವುದು 24 ಶೇಕಡಾ ಘಟನೆಗಳಲ್ಲಿ ಮಾತ್ರ. ನಾಲ್ಕರಲ್ಲಿ ಮೂರು ಸಾಕು ಎಂದರೆ 65ಕ್ಕೆ ಏರುತ್ತದೆ. ಮೂರಕ್ಕೆ ಇಳಿಯುವುದೇ ಲಾಭ, ಆದರೆ ಟಾಪ್ ಕ್ವಾರ್ಕ್ ಜೋಡಿಗಳೂ ಒಳಗೆ ನುಗ್ಗುತ್ತವೆ.

ನಾಲ್ಕು ಜೆಟ್‌ಗಳನ್ನು ಎರಡೆರಡಾಗಿ ಜೋಡಿಸಲು ಮೂರು ದಾರಿ. ದ್ರವ್ಯರಾಶಿಯ ವ್ಯತ್ಯಾಸ ಅತಿ ಕಡಿಮೆ ಇರುವುದನ್ನು ಆರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಮತ್ತು ಕೆಟ್ಟ ಉಪಾಯ: ಹಿನ್ನೆಲೆಯನ್ನೂ (ಸಿಗ್ನಲ್ಲಿನಂತೆ ಕಾಣುವ ಬೇರೆ ಘಟನೆಗಳು) ಅದು ಎಳೆದು ತಂದು ಅದೇ ಗೆರೆಯ ಮೇಲೆ ಕೂರಿಸುತ್ತದೆ. ಶಕ್ತಿ-ಸಂವೇಗದ ಫಿಟ್ ಹಾಕಿ ಆರಿಸುವುದು ವಾಸಿ. ಆದರೂ ದ್ರವ್ಯರಾಶಿಯ ಗ್ರಾಫಿನಲ್ಲಿ ಶಿಖರದ ಎಡಕ್ಕೆ ಬಾಲ ಉಳಿಯುತ್ತದೆ. ಬಿ ಕಣ ನೇರವಾಗಿ ಎಲೆಕ್ಟ್ರಾನ್ ಅಥವಾ ಮ್ಯೂಆನ್ ಕೊಡುವುದು ಸುಮಾರು 20 ಶೇಕಡಾ, ಪ್ರತಿ ಸಲ ಒಂದು ನ್ಯೂಟ್ರಿನೊ ಪರಾರಿ. ನಾಲ್ಕು ಬಿಗಳಿದ್ದಾಗ ಅರ್ಧಕ್ಕಿಂತ ಹೆಚ್ಚು ಘಟನೆಗಳಲ್ಲಿ ಇದು ಗ್ಯಾರಂಟಿ. ಹಾಗಾಗಿ ಟ್ಯಾನ್ ಬೀಟಾ 10 ಇರುವಾಗ, ಅಗಲ ಸುಮಾರು 1 ಜಿಇವಿ ಮಾತ್ರ ಎಂದಾಗ, ಅದನ್ನು ಶಿಖರದಿಂದ ಓದುವ ಆಸೆ ಬಿಡಿ. 50ಕ್ಕೆ ಅಗಲ 20 ಜಿಇವಿಯ ಆಚೆ ಈಚೆ ಬರುತ್ತದೆ, ಆಗ ಪ್ರಯತ್ನಿಸಬಹುದು.

ಧ್ರುವೀಕರಿಸಿದ (ಕಣಗಳ ಸ್ಪಿನ್ ಹೆಚ್ಚಾಗಿ ಒಂದೇ ಕಡೆಗಿರುವ) ಕಿರಣ ಪಿಥಿಯಾದಲ್ಲಿ ಇಲ್ಲ. ಈ ಜೋಡಿ ಝಡ್ ಮೂಲಕವೇ ಹುಟ್ಟುವುದರಿಂದ ಸಿಗ್ನಲ್ಲಿಗೆ ಒಂದು ಗುಣಕ ಹಾಕಿದರೆ ಆಯಿತು. ಡಬ್ಲ್ಯು ಜೋಡಿಯ ಹಿನ್ನೆಲೆಗೆ ಆ ಆಟ ನಡೆಯದು, ವಿಝಾರ್ಡ್ ಎಂಬ ಇನ್ನೊಂದು ಸಿಮ್ಯುಲೇಷನ್ ತಂತ್ರಾಂಶ ಬೇಕು.

ಕೊನೆಗೆ ಮಳೆಗಾಲದ ಮಾತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಅರ್ಧ ಬರೆದ ರೂಟ್ ಫೈಲ್ ಕೆಲವೊಮ್ಮೆ ತೆರೆಯುವುದೇ ಇಲ್ಲ. ಹತ್ತು ಸಾವಿರ ಘಟನೆಗಳಂತೆ ತುಂಡು ಮಾಡಿ ಓಡಿಸಿ. ಆದರೆ ಪ್ರತಿ ತುಂಡಿಗೂ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆ) ಬದಲಿಸಿ: ಬದಲಿಸದಿದ್ದರೆ ಪಿಥಿಯಾ ಪ್ರತಿ ಸಲವೂ 19780503ರಿಂದಲೇ ಶುರು ಮಾಡುತ್ತದೆ, ಹತ್ತು ಫೈಲಿನಲ್ಲೂ ಅವೇ ಘಟನೆಗಳು, ಗ್ರಾಫಿನಲ್ಲಿ ಮಾತ್ರ ದೋಷದ ಗೆರೆಗಳು ಬಹಳ ಚೆಂದ ಚಿಕ್ಕದಾಗಿ ಕಾಣುತ್ತವೆ.