ಬ್ರಿಟಿಷ್ ಪತ್ತೇದಾರಿ ಕಾದಂಬರಿ: ಮೊದಲು ಯಾವುದನ್ನು ಓದುವುದು?

ಓದನ್ನು ಆರಂಭಿಸಲು ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ತಕ್ಕದ್ದೋ, ಆ್ಯನ್ ಕ್ಲೀವ್ಸ್ ಅವರ ‘ರೇವನ್ ಬ್ಲ್ಯಾಕ್’ (2006) ತಕ್ಕದ್ದೋ ಎಂದು ಕೇಳಿದ್ದೀರಿ. ಓದಿನ ಸರಾಗತೆಯೇ ಮುಖ್ಯವಾದರೆ ಆಸ್ಮನ್ ಮೇಲು: ಇಂಗ್ಲೆಂಡಿನ ಕೆಂಟ್ ಪ್ರದೇಶದ ನಿವೃತ್ತರ ವಸತಿಯೊಂದರಲ್ಲಿ ನಾಲ್ವರು ಹಿರಿಯರು ಕೊಲೆಯ ಜಾಡು ಹಿಡಿಯುವ ಈ ಕಥೆಯ ಅಧ್ಯಾಯಗಳು ಚಿಕ್ಕವು. ಪರಿಸರ ಚಿತ್ರಣದಲ್ಲಿ ಕ್ಲೀವ್ಸ್ ಬಹಳ ಮುಂದಿದ್ದಾರೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹಿಮದಲ್ಲಿ ಹದಿಹರೆಯದ ಹುಡುಗಿಯ ಶವ ಸಿಕ್ಕಾಗ ಊರಿಗೆ ಊರೇ ಒಂಟಿ ಮುದುಕನೊಬ್ಬನತ್ತ ಬೆರಳು ತೋರಿಸುವ ಬಗೆಯನ್ನು ಅವರು ಎಷ್ಟು ನಿಧಾನವಾಗಿ, ಎಷ್ಟು ಕರುಣೆಯಿಂದ ಬಿಡಿಸುತ್ತಾರೆಂದರೆ, ಅಪರಾಧಿ ಯಾರೆಂಬುದಕ್ಕಿಂತ ಆ ಮುದುಕನ ಏಕಾಂತವೇ ನನ್ನನ್ನು ಹೆಚ್ಚು ಕಾಡಿತು. ಎರಡೂ ಆಯಾ ಸರಣಿಯ ಮೊದಲ ಪುಸ್ತಕಗಳೇ. ಇಂಗ್ಲಿಷ್ ಕಾದಂಬರಿಗಳನ್ನು ಓದಿ ಅಭ್ಯಾಸವಿಲ್ಲದವರಿಗೆ, ಕೊಲೆಯ ಕಥೆಯಲ್ಲೂ ನಗೆ ಬೇಕೆನ್ನುವವರಿಗೆ ಮೊದಲನೆಯದು ಒಪ್ಪುತ್ತದೆ. ಬಿಡುವಿದ್ದು, ವಿಷಾದವನ್ನು ತಾಳಿಕೊಳ್ಳಬಲ್ಲವರಿಗೆ ಎರಡನೆಯದು.